ಬೀಗರ ಪಂಕ್ತಿ ಮತ್ತು ಅಣ್ಣನ ಪಿಚ್ಚರ್

ಬೈಲಹೊಂಗಲದಲ್ಲಿ ನಮ್ಮ ಮನೆಯ ಎದುರಿಗೆ ಒಂದು ಟೇಲರ್ ಅಂಗಡಿಯಿತ್ತು, ಅದರ ಮುಂದೆ ಒಂದು ಕಲ್ಲಿನ ಕಟ್ಟೆ. ಸಂಜೆಯಾದ ಮೇಲೆ ಆ ಕಟ್ಟೆಯ ಮೇಲೆ ಕೂತವರ ಮಾತು ನಮ್ಮ ಪಡಸಾಲೆಯ ಕಿಟಕಿಗೆ ನೇರವಾಗಿ ಬಂದು ಬೀಳುತ್ತಿತ್ತು. ನಾನು ಕಿಟಕಿಯ ಈಚೆ ಕೂತು ಅಕ್ಕಿ ಆರಿಸುತ್ತಿದ್ದೆ, ಜೋಳ ಹಸನು ಮಾಡುತ್ತಿದ್ದೆ, ಒಮ್ಮೊಮ್ಮೆ ಖಾಲಿ ಮೊರ ಹಿಡಿದು ಕೂತಿರುತ್ತಿದ್ದೆ. ಹೆಣ್ಣುಮಕ್ಕಳು ಕಟ್ಟೆಯ ಮೇಲೆ ಕೂರುವ ಕಾಲ ಅದಲ್ಲ. ಕಿವಿಗೆ ಮಾತ್ರ ಯಾರೂ ಬಾಗಿಲು ಹಾಕಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು ಇದು. ಕಟ್ಟೆಯ ಮೇಲೆ ನಡೆಯುತ್ತಿದ್ದುದೆಲ್ಲ ಪಿಚ್ಚರಿನ ಮಾತು, ಅದರ ಅಧ್ಯಕ್ಷ ನನ್ನ ಅಣ್ಣ. ಯಾರೂ ಅವನನ್ನು ಆರಿಸಿರಲಿಲ್ಲ. ಎಲ್ಲರಿಗಿಂತ ಅವನ ಧ್ವನಿ ದೊಡ್ಡದಿತ್ತು, ಅಷ್ಟೇ. ಬೆಳಗಿನಿಂದ ಅಪ್ಪನ ಹಿಂದೆ ಹೊಲ, ಹತ್ತಿ ಮಾರುಕಟ್ಟೆ ಎಂದು ತಲೆ ಬಗ್ಗಿಸಿಕೊಂಡು ತಿರುಗುವವನು ಸಂಜೆ ಮುಖ ತೊಳೆದು ಕಟ್ಟೆಗೆ ಹೋದನೆಂದರೆ ಬೇರೆ ಮನುಷ್ಯನೇ ಆಗಿಬಿಡುತ್ತಿದ್ದ. ತನ್ನ ಮೆಚ್ಚಿನ ನಾಯಕನಟನನ್ನು ಅವನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಲ್ಲ. "ನಮ್ಮಾಂವ" ಎನ್ನುತ್ತಿದ್ದ, ಸಂಪಗಾಂವದಲ್ಲಿದ್ದ ನಮ್ಮ ಕಾಕಾನ ಮಗನ ಸುದ್ದಿ ಹೇಳಿದ ಹಾಗೆ.

ಆಗ ಹೊಸ ಪಿಚ್ಚರ್ ನಮ್ಮ ಊರಿಗೆ ಬರುವುದಕ್ಕೆ ಒಂದು ದಾರಿ ಇತ್ತು. ಮೊದಲು ಹುಬ್ಬಳ್ಳಿ, ಬೆಳಗಾವಿ. ಅಲ್ಲಿ ಓಡಿ ದಣಿದ ಮೇಲೆ ಅದೇ ರೀಲಿನ ಡಬ್ಬಿಗಳು ನಮ್ಮಲ್ಲಿಗೆ. ನಮ್ಮಿಂದ ಸವದತ್ತಿಗೆ, ಅಲ್ಲಿಂದ ರಾಮದುರ್ಗಕ್ಕೆ. ರಾಮದುರ್ಗ ಮುಟ್ಟುವ ಹೊತ್ತಿಗೆ ರೀಲು ಸವೆದು, ಬಿಸಿಲಿನ ದೃಶ್ಯದಲ್ಲೂ ಪರದೆಯ ಮೇಲೆ ಮಳೆ ಸುರಿಯುತ್ತದೆ ಎಂದು ಕಟ್ಟೆಯವರು ನಗುತ್ತಿದ್ದರು. ಕಿತ್ತೂರಿನವರದು ಬೇರೆ ಕತೆ. ಅವರದು ಹೆದ್ದಾರಿಯ ಊರು. ಬಸ್ಸು ಹತ್ತಿ ಧಾರವಾಡಕ್ಕೆ ಹೋಗಿ ಮೊದಲ ವಾರವೇ ನೋಡಿ ಬರುತ್ತಿದ್ದರು. ಕಿತ್ತೂರಿನ ಕಂಡಕ್ಟರ್ ಒಬ್ಬ ನಮ್ಮ ಕಟ್ಟೆಗೆ ಬರುತ್ತಿದ್ದ. ಅವನಿಗೆ ಪಿಚ್ಚರಿನ ಕೊನೆ ಮೊದಲೇ ಗೊತ್ತಿರುತ್ತಿತ್ತು, ಅದನ್ನು ಹೇಳದೆ ಇರುವುದು ಅವನಿಂದ ಆಗುತ್ತಿರಲಿಲ್ಲ. ಅಣ್ಣ ಅವನನ್ನು ಕಂಡರೆ ಉರಿದು ಬೀಳುತ್ತಿದ್ದ, ಅವನು ಬರದ ದಿನ ದಾರಿ ನೋಡುತ್ತಿದ್ದ.

ಅಣ್ಣನಿಗೆ ದೊಡ್ಡ ಆಸೆಗಳಿರಲಿಲ್ಲ. ಇದ್ದದ್ದು ಒಂದೇ. ನಮ್ಮಾಂವನ ಪಿಚ್ಚರ್ ಹುಬ್ಬಳ್ಳಿಯಲ್ಲಿ ಬಿಡುಗಡೆಯಾದ ದಿನವೇ ಬೈಲಹೊಂಗಲದಲ್ಲೂ ಆಗಬೇಕು, ಮೊದಲ ಆಟದಲ್ಲಿ ತಾನು ಕೂರಬೇಕು. ಬೇರೆ ಊರಿನವರು ನೋಡಿ ಬಿಟ್ಟದ್ದನ್ನು ನೋಡುವುದು ಅವನಿಗೆ ಎಂಜಲು ಉಂಡ ಹಾಗೆ ಅನ್ನಿಸುತ್ತಿತ್ತು. ಹಾಗೆಂದು ಅವನೇ ಹೇಳುತ್ತಿದ್ದ.

ಇದೇ ಕಟ್ಟೆಯ ಹುಡುಗರಿಗೆ ಊರಲ್ಲಿ ಇನ್ನೊಂದು ಮಾನದ ಕೆಲಸವಿತ್ತು. ಓಣಿಯಲ್ಲಿ ಯಾರ ಮದುವೆಯಾದರೂ ಊಟದ ಪಂಕ್ತಿಯಲ್ಲಿ ನೀಡುವವರು ಇವರೇ. ಈಗಿನ ಹಾಗೆ ಕೈಗೆ ಚೀಲ ಹಾಕಿಕೊಂಡು ನೀಡುವ ಗುತ್ತಿಗೆಯವರು ಆಗ ಇರಲಿಲ್ಲ. ಹುಗ್ಗಿಯ ಬಕೀಟು ಹಿಡಿದವನು ಮುಂದೆ, ಅವನ ಹಿಂದೆ ತುಪ್ಪದ ತಂಬಿಗೆ, ಆಮೇಲೆ ಬದನೆಕಾಯಿ ಪಲ್ಯ, ಅನ್ನ, ಸಾರು. ಅಣ್ಣ ಯಾವಾಗಲೂ ಹುಗ್ಗಿಯವನು. ಎಲೆಯ ಮುಂದೆ ಕೂತವನ ಮುಖ ನೋಡಿಯೇ, ಇವನು ಇನ್ನೊಂದು ಸೌಟು ಹಾಕಿಸಿಕೊಳ್ಳುತ್ತಾನೋ ಕೈ ಅಡ್ಡ ಹಿಡಿಯುತ್ತಾನೋ ಹೇಳುತ್ತಿದ್ದ. ತಪ್ಪುತ್ತಿದ್ದುದು ಕಡಿಮೆ.

ಹೀಗಾಗಿ ಪಿಚ್ಚರ್ ಎಷ್ಟು ದಿನ ಓಡುತ್ತದೆ ಎನ್ನುವ ಲೆಕ್ಕವನ್ನೂ ಅವರು ಪಂಕ್ತಿಯ ಮೇಲೇ ಹಾಕುತ್ತಿದ್ದರು. ಮೊದಲ ಪಂಕ್ತಿ ಅಭಿಮಾನಿಗಳದು. ಅವರು ಹೇಗಿದ್ದರೂ ಬರುತ್ತಾರೆ, ಉಪ್ಪು ಕಡಿಮೆಯಾಗಿದ್ದರೂ ಎದ್ದು ಹೋಗುವುದಿಲ್ಲ. ಎರಡನೆಯದು ಹಳ್ಳಿಗಳದು. ಸಂತೆಗೆ ಬಂದವರು, ಟ್ರ್ಯಾಕ್ಟರಿನ ಹಿಂದೆ ನಿಂತುಕೊಂಡು ಬಂದವರು. ಮೂರನೆಯದು ಹೆಂಗಸರದು. ಮದುವೆಯಲ್ಲಿ ಹೆಂಗಸರ ಪಂಕ್ತಿ ಕೊನೆಗೆ ಕೂರುತ್ತದೆ, ಕೂತರೆ ಬೇಗ ಏಳುವುದಿಲ್ಲ. ಪಿಚ್ಚರಿಗೂ ಅಷ್ಟೇ. ಹೆಂಗಸರು ಮಕ್ಕಳು ಬುತ್ತಿ ಕಟ್ಟಿಕೊಂಡು ಬಂದರೆ ಪಿಚ್ಚರ್ ಗೆದ್ದ ಹಾಗೆ. "ಇದು ಒಂದ ಪಂಕ್ತಿ ಪಿಚ್ಚರ್" ಎಂದು ಕಟ್ಟೆ ತೀರ್ಪು ಕೊಟ್ಟರೆ ಅದರ ಕತೆ ಮುಗಿಯಿತು ಎಂದೇ ಅರ್ಥ.

ಆ ವರ್ಷ ಯುಗಾದಿಯ ಹೊತ್ತಿಗೆ ನಮ್ಮಾಂವನ ಹೊಸ ಹೊಡೆದಾಟದ ಪಿಚ್ಚರಿನ ಸುದ್ದಿ ಬಂತು. ಪತ್ರಿಕೆಯಲ್ಲಿ ಅಂಗೈಯಗಲ ಜಾಹೀರಾತು. ನಾಯಕ ಲಾರಿಯ ಮೇಲೆ ನಿಂತಿದ್ದಾನೆ, ಕೈಯಲ್ಲಿ ಸರಪಳಿ. ಅಷ್ಟು ಸಾಕಾಯಿತು. ಆ ಲಾರಿ ಯಾಕೆ ಬಂತು, ಸರಪಳಿ ಯಾರಿಗೆ, ಇವನು ಡ್ರೈವರನೋ ಪೊಲೀಸನೋ ಎಂದು ವಾರಗಟ್ಟಲೆ ಮಾತು ನಡೆಯಿತು. ನಿರ್ದೇಶಕನಿಗೇ ಅಷ್ಟು ಕತೆಗಳು ಹೊಳೆದಿರಲಿಕ್ಕಿಲ್ಲ.

"ನೂರು ದಿವಸ ಓಡತೈತಿ ಬರಕೋರಿ," ಎಂದ ಅಣ್ಣ.

"ಹುಬ್ಬಳ್ಯಾಗೇನ?" ಎಂದ ಕಿತ್ತೂರಿನ ಕಂಡಕ್ಟರ್.

"ಹುಬ್ಬಳ್ಯಾಗ ನೂರು. ನಮ್ಮಲ್ಲಿ ಇಪ್ಪತ್ತೈದು."

"ಬೈಲಹೊಂಗಲದಾಗ ಇಪ್ಪತ್ತೈದು ದಿವಸ ಬಿಸಲ ಅಷ್ಟ ಓಡತೈತಿ. ಬರೇ ಹೊಡದಾಟ ಅದು. ಹೆಂಗಸರು ಯಾಕ ಬರತಾರ?"

"ತಾಯಿ ಪಾತ್ರ ಐತಿ ಅದರಾಗ. ತಾಯಿ ಇದ್ದಲ್ಲಿ ಅಳೂದು ಇರತೈತಿ. ಅಳೂದು ಇದ್ದಲ್ಲಿ ಹೆಂಗಸರು ಬರತಾರ."

ಟೇಲರ್ ಇವರಿಗಿಂತ ಹಿರಿಯ. ಮಷೀನಿನಿಂದ ತಲೆ ಎತ್ತದೆ ಮಾತಾಡುತ್ತಿದ್ದ. "ಕುಬಸ ಹೊಲಸಾಕ ಬಂದ ಹೆಣಮಕ್ಕಳು ಪಿಚ್ಚರ ಹೆಸರ ಕೇಳಿದ್ರ ಆ ಪಿಚ್ಚರ ಓಡತೈತಿ. ಇದನ್ನ ಇನ್ನೂ ಒಬ್ಬಾಕಿನೂ ಕೇಳಿಲ್ಲಪಾ," ಎಂದ. ಅಣ್ಣ ಅವತ್ತು ಊಟ ಸರಿಯಾಗಿ ಮಾಡಲಿಲ್ಲ. ಮರುದಿನ ನಾನು ಕುಬಸ ಹೊಲಿಸಲು ಕೊಡುವ ನೆಪ ಮಾಡಿ ಹೋಗಿ, ಲಾರಿಯ ಪಿಚ್ಚರ್ ಯಾವಾಗ ಬರುತ್ತದೆ ಎಂದು ಟೇಲರನಿಗೆ ಕೇಳಿ ಬಂದೆ. ಸಂಜೆ ಕಟ್ಟೆಯ ಮೇಲೆ ಅಣ್ಣನ ಧ್ವನಿ ಮತ್ತೆ ಏರಿತು. ಕಿಟಕಿಯ ಈಚೆ ನಾನು ಬಾಯಿಗೆ ಸೆರಗು ಹಚ್ಚಿ ನಗುತ್ತಿದ್ದೆ.

ಆ ಕುಬಸ ನನ್ನ ಮದುವೆಯದೇ. ರಾಮದುರ್ಗದ ಬಟ್ಟೆ ಅಂಗಡಿಯವರ ಮನೆಯಿಂದ ಬಂದಿದ್ದ ಸಂಬಂಧ ಗಟ್ಟಿಯಾಗಿತ್ತು. ಅಯ್ಯನವರು ಪಂಚಾಂಗ ನೋಡಿ ಎರಡು ದಿನ ತೆಗೆದುಕೊಟ್ಟರು, ಒಂದು ಶುಕ್ರವಾರ, ಒಂದು ಅದರ ಮುಂದಿನ ಸೋಮವಾರ. ಅಪ್ಪ ಅಣ್ಣನನ್ನು ಕರೆದು ಕೂರಿಸಿಕೊಂಡರು. ನೀಡುವ ಹುಡುಗರೆಲ್ಲ ಅವನ ಕೈಯಲ್ಲಿದ್ದರಲ್ಲ, ಅವನನ್ನು ಕೇಳದೆ ದಿನ ಗೊತ್ತು ಮಾಡಿದರೆ ಪಂಕ್ತಿ ಎಬ್ಬಿಸುವವರು ಯಾರು?

"ಶುಕ್ರವಾರ ಅಂದ್ರ ನಿಮ್ಮ ಪಿಚ್ಚರ ಬರೂ ದಿನಾ. ಏನ ಮಾಡೂಣು ಹೇಳು," ಎಂದರು ಅಪ್ಪ. ಅವರ ಧ್ವನಿಯಲ್ಲಿ ಚೇಷ್ಟೆ ಇರಲಿಲ್ಲ. ಮಗನನ್ನು ಅವರು ಚೆನ್ನಾಗಿ ಬಲ್ಲವರು.

ಅಣ್ಣ ಗತ್ತಿನಿಂದ ಲೆಕ್ಕ ಒಪ್ಪಿಸಿದ. "ಆ ಶುಕ್ರವಾರ ಅದು ಹುಬ್ಬಳ್ಳಿಗೆ ಬರತೈತಿ. ಆಮ್ಯಾಲ ಬೆಳಗಾಂವಿ. ಅಲ್ಲಿ ಓಡಿ ನಮ್ಮಲ್ಲಿ ಬರಾಕ ಮಳಿ ಹಿಡದಿರತೈತಿ. ಏನೂ ಚಿಂತಿ ಮಾಡಬ್ಯಾಡ್ರಿ. ಶುಕ್ರವಾರನ ಇಡ್ರಿ."

ಶುಕ್ರವಾರವೇ ನಿಶ್ಚಯವಾಯಿತು. ಮೂಲೆಗಳಿಗೆ ಅರಿಷಿಣ ಹಚ್ಚಿದ ಲಗ್ನಪತ್ರಿಕೆಗಳು ಊರೂರಿಗೆ ಹೋದವು.

ಮದುವೆಗೆ ಒಂದು ವಾರವಿರುವಾಗ ನಡುಮನೆಯಲ್ಲಿ ಬಳೆಗಾರ ನನ್ನ ಕೈಗೆ ಹಸಿರು ಬಳೆ ಏರಿಸುತ್ತಿದ್ದ. ಹೊರಗೆ ಟಾಕೀಜಿನ ಆಟೋ ಬಂತು. ಮೇಲೆ ಧ್ವನಿವರ್ಧಕ, ಎರಡೂ ಬದಿಗೆ ಲಾರಿ ಮತ್ತು ಸರಪಳಿ. ಇದೇ ಶುಕ್ರವಾರದಿಂದ, ಬೈಲಹೊಂಗಲದ ಇತಿಹಾಸದಲ್ಲೇ ಮೊಟ್ಟಮೊದಲ ಬಾರಿಗೆ, ರಾಜ್ಯದ ಜೊತೆಜೊತೆಗೆ ಎಂದು ಅದು ಒದರುತ್ತ ಹೋಯಿತು. ಗುಲಾಬಿ ಕಾಗದದ ಚೀಟಿಗಳು ಅಂಗಳದ ತುಂಬ ಬಿದ್ದವು. ಈ ಸಲ ಹಂಚಿಕೆದಾರರು ಸಣ್ಣ ಊರುಗಳಿಗೂ ಮೊದಲ ದಿನವೇ ರೀಲು ಕೊಟ್ಟಿದ್ದರಂತೆ. ಅವ್ವ "ಶಿವನ" ಎಂದು ಕೂತುಬಿಟ್ಟಳು. ನನ್ನ ಕೈಯಲ್ಲಿ ಒಂದು ಬಳೆ ಒಡೆಯಿತು.

ನಾನು ಎದ್ದು ಸೀದಾ ಹಿತ್ತಲಿಗೆ ಹೋದೆ. ಅಣ್ಣ ಬಾವಿಯ ಕಟ್ಟೆಯ ಮೇಲೆ ಒಬ್ಬನೇ ಕೂತಿದ್ದ. ಅಷ್ಟು ವರ್ಷ ಕಾದ ದಿನ ಬಂದಿದೆ, ಅವನ ಮುಖ ಸಣ್ಣದಾಗಿದೆ. ಪಾಪ ಅನ್ನಿಸಿತು. ಆದರೂ ನನ್ನ ಸಿಟ್ಟು ಯಾವಾಗಲೂ ಮೂಗಿನ ತುದಿಯಲ್ಲೇ ಇರುವಂಥದು.

"ಅಣ್ಣಾ, ನೀ ಅಕ್ಕಿಕಾಳ ಬಿದ್ದಕೂಡಲೇ ಟಾಕೀಜಿಗೆ ಓಡತಿಯೋ ಏನ ನನ್ನ ಮದವ್ಯಾಗ ಇರತಿಯೋ? ಈಗ ಹೇಳು."

"ಹುಚ್ಚಿ, ಹಂಗ್ಯಾಕ ಕೇಳತಿ?"

"ನೀ ಎಂಥಾಂವ ಅಂತ ನನಗ ಗೊತ್ತೈತಿ, ಅದಕ್ಕ ಕೇಳತೇನಿ. ನಾ ರಾಮದುರ್ಗಕ್ಕ ಹೋಗಾಕಿ. ಆ ಒಂದ ದಿವಸರ ನನ್ನ ಕಣ್ಣ ಮುಂದ ಇರು."

ಅವನು ಬಾವಿಯ ಕಟ್ಟೆಯಿಂದ ಇಳಿದು ನಿಂತ. ಆಮೇಲೆ ನನ್ನ ತಲೆಯ ಮೇಲೆ ಕೈ ಇಟ್ಟ. "ನಿನ್ನಾಣೆ. ನಿನ್ನ ಮದವಿ ದಿನ ಆ ಪಿಚ್ಚರ ಕಡೆ ಹೊಳ್ಳಿನೂ ನೋಡೂದಿಲ್ಲ. ನೀಡೂ ಹುಡುಗರನ್ನೂ ಬಿಡೂದಿಲ್ಲ. ಸಾಕೇನ?"

ಸಾಕು ಎಂದೆ. ಪೂರ್ತಿ ನಂಬಿಕೆ ಮಾತ್ರ ಬರಲಿಲ್ಲ.

ಮದುವೆಯ ಮಂಟಪಕ್ಕೂ ಟಾಕೀಜಿಗೂ ನಡುವೆ ಒಂದೇ ಓಣಿ. ಶುಕ್ರವಾರ ಬೆಳಗಿನಿಂದಲೇ ಆ ಕಡೆ ಡೊಳ್ಳು, ಈ ಕಡೆ ಬ್ಯಾಂಡು. ನಮ್ಮ ಬ್ಯಾಂಡಿನವರೂ ಒಂದು ಕಣ್ಣು ಅತ್ತಲೇ ಇಟ್ಟು ಊದುತ್ತಿದ್ದರು. ರಾಮದುರ್ಗದಿಂದ ಗಂಡಿನ ಕಡೆಯ ನಿಬ್ಬಣದ ಬಸ್ಸು ಬಂದಾಗ ಅದರೊಳಗಿನ ಹುಡುಗರು ಮಂಟಪ ನೋಡುವುದು ಬಿಟ್ಟು ಟಾಕೀಜಿನ ಮುಂದಿನ ಎತ್ತರದ ಕಟೌಟು ನೋಡುತ್ತ ಇಳಿದರಂತೆ. ನಾವು ಅವರಿಗೆಲ್ಲ ಮರ್ಯಾದೆಗೆ ಗುಲಾಬಿ ರುಮಾಲು ಸುತ್ತಿಸಿದೆವು.

ಅಣ್ಣ ಮಾತ್ರ ಅಲ್ಲೇ ಇದ್ದ. ತಲೆಗೆ ಟವೆಲ್ ಸುತ್ತಿಕೊಂಡು ಊಟದ ಮನೆಗೂ ಮಂಟಪಕ್ಕೂ ಓಡಾಡುತ್ತಿದ್ದ. ನಮ್ಮ ತಲೆಯ ಮೇಲೆ ಅಕ್ಕಿಕಾಳು ಬಿತ್ತು, ಮದುವೆಯಾಯಿತು. ನಾನು ತಲೆ ಬಗ್ಗಿಸಿ ಕೂತೇ ಬಾಗಿಲಿನ ಕಡೆ ಕಣ್ಣು ಹಾಯಿಸಿದೆ. ಹುಗ್ಗಿಯ ಬಕೀಟು ಹಿಡಿದು ನಿಂತಿದ್ದ. ಎದೆ ಹಗುರವಾಯಿತು. ಆಮೇಲೆ ನೋಡಿದರೆ ಅಪ್ಪ ಅವನ ಕಿವಿಯಲ್ಲಿ ಏನೋ ಹೇಳಿದರು, ಅವನು ಬಕೀಟು ಕೆಳಗಿಟ್ಟು ಹೊರಗೆ ಹೋದ. ಹೋದವನು ಬರಲಿಲ್ಲ.

ಮುತ್ತೈದೆಯರು ಬಂದು ಉಡಿ ತುಂಬಿದರು. ಅವನು ಬರಲಿಲ್ಲ. ಊಟಕ್ಕೆ ಯಾಕೆ ಇನ್ನೂ ಕೂರಿಸಿಲ್ಲ ಎಂದು ಯಾರೋ ಗೊಣಗಿದರು. ನನ್ನ ಸೋದರತ್ತೆ ಕಿವಿಯ ಹತ್ತಿರ ಬಗ್ಗಿ, "ನಿಮ್ಮಣ್ಣ ಟಾಕೀಜಿನೊಳಗ ಹ್ವಾದದ್ದು ನಾ ಕಣ್ಣಾರೆ ನೋಡಿದ್ನಿ," ಎಂದಳು. ಅಳುವುದಿದ್ದರೆ ಅಳು ಎನ್ನುವ ದಿನ ಅದು, ನಾನು ಅತ್ತೆ. ತವರು ಬಿಡುವ ದುಃಖ ಎಂದು ಎಲ್ಲರೂ ಸಮಾಧಾನ ಮಾಡಿದರು. ನನಗೆ ಆ ಹೊತ್ತಿಗೆ ದುಃಖ ಇರಲಿಲ್ಲ, ಕೆಟ್ಟ ಸಿಟ್ಟು ಇತ್ತು.

ಬಹಳ ಹೊತ್ತಿನ ಮೇಲೆ ಊಟದ ಮನೆಯಿಂದ ಹರಹರ ಮಹಾದೇವ ಎಂದು ಕೂಗು ಕೇಳಿತು. ಪಂಕ್ತಿ ಶುರುವಾಗಿತ್ತು. ಅಣ್ಣ ಮತ್ತೆ ಬಕೀಟು ಹಿಡಿದು ಓಡಾಡುತ್ತಿದ್ದುದು ಕಂಡಿತು. ಅವನು ನನ್ನತ್ತ ನೋಡಿ ನಕ್ಕ. ನಾನು ನಗಲಿಲ್ಲ.

ನಮ್ಮಲ್ಲಿ ಮದುಮಗಳ ಜೊತೆ ಅಣ್ಣನೋ ತಮ್ಮನೋ ಹೋಗಿ ಗಂಡನ ಮನೆಯಲ್ಲಿ ಕೆಲವು ದಿನ ಇದ್ದು, ಆಮೇಲೆ ಅವಳನ್ನು ಕರೆದುಕೊಂಡು ಬರುವುದು ವಾಡಿಕೆ. ಹೀಗಾಗಿ ಅವನೂ ಅದೇ ಬಸ್ಸು ಹತ್ತಿದ. ಸಂಜೆಯ ಆಟಕ್ಕೆ ಜನ ಸೇರುತ್ತಿದ್ದ ಟಾಕೀಜಿನ ಮುಂದೆಯೇ ಬಸ್ಸು ಹಾದು ಹೋಯಿತು. ಅವನ ಗೆಳೆಯರೆಲ್ಲ ಬಕೀಟು ತೊಳೆದಿಟ್ಟು ಅಲ್ಲಿ ಸಾಲಿನಲ್ಲಿ ನಿಂತಿದ್ದರು, ಕೈ ಬೀಸಿದರು. ಸವದತ್ತಿಯಲ್ಲಿ ಬಸ್ಸು ನಿಂತಾಗ ಅವನು ಸೋಡಾ ತಂದುಕೊಟ್ಟ. ನಾನು ಗ್ಲಾಸು ತೆಗೆದುಕೊಂಡೆ, ಮಾತಾಡಲಿಲ್ಲ. ಅವನೂ ಏನೂ ಹೇಳಲಿಲ್ಲ. ಸುತ್ತಲೂ ಬೀಗರು ಕೂತಿದ್ದರು.

ಮರುದಿನ ಬೆಳಿಗ್ಗೆ ರಾಮದುರ್ಗದ ಮನೆಯ ಪಡಸಾಲೆಯಲ್ಲಿ ಎಲ್ಲರೂ ಚಹಾಕ್ಕೆ ಕೂತಿದ್ದರು. ಅಣ್ಣ ಜಮಖಾನೆಯ ಒಂದು ಮೂಲೆಯಲ್ಲಿ ಸಂಕೋಚದಿಂದ ಕೂತಿದ್ದ. ನನ್ನ ಮೈದುನ, ಅಂದರೆ ನನ್ನ ಗಂಡನ ತಮ್ಮ, ಮಹಾ ಬಾಯಾಳಿ. ಅವನು ನನ್ನ ಕಡೆ ತಿರುಗಿ, "ವೈನಿ, ನಿಮ್ಮಣ್ಣನಂಥಾ ಮನಷ್ಯಾನ್ನ ನಾ ಎಲ್ಲೂ ನೋಡಿಲ್ರಿ," ಎಂದು ಶುರು ಮಾಡಿದ. ಅಣ್ಣ "ಇರ್ಲಿ ಬಿಡ್ರಿ" ಎಂದ. ಅವನು ಬಿಡುವ ಪೈಕಿ ಅಲ್ಲ.

"ನಾವು ಹುಡುಗರು ಅಕ್ಕಿಕಾಳ ಒಗದಾವರ ಹಂಗ ಟಾಕೀಜಿಗೆ ನುಗ್ಗಿದಿವ್ರಿ. ನಮ್ಮೂರಿಗೆ ಅದು ಯಾವಾಗ ಬರತೈತೋ ಏನೋ ಅಂತ. ಒಂಚೂರ ನೋಡಿ ಊಟಕ್ಕ ಬರೂಣು ಅಂದಿದ್ವಿ, ಎದ್ದ ಬರಾಕ ಮನಸ್ಸ ಆಗಲಿಲ್ಲ. ಇತ್ತ ಮಂಟಪದಾಗ ನಮ್ಮ ಹಿರ್ಯಾರು, ನಮ್ಮ ಹುಡುಗರು ಬರೂತನಕ ಎಲಿ ಮುಂದ ಕುಂಡ್ರೂದಿಲ್ಲ ಅಂತ ಹಟಾ ಹಿಡದಾರಂತ."

ನನಗೆ ಆಗ ತಿಳಿಯಿತು. ಬೀಗರ ಪಂಕ್ತಿ ಎದ್ದ ಮೇಲೆಯೇ ಉಳಿದವರ ಪಂಕ್ತಿ. ಬೀಗರ ಸಾಲಿನಲ್ಲಿ ಎಲೆ ಖಾಲಿ ಬಿಟ್ಟು ನೀಡಿದರೆ ಅವರಿಗೆ ಅವಮಾನ, ಅವರನ್ನು ಬಿಟ್ಟು ಬೇರೆಯವರಿಗೆ ನೀಡಿದರೆ ನಮಗೆ ಅವಮಾನ. ಊರಿಗೆ ಊರೇ ಹಸಿದು ಕೂತಿತ್ತು. ಸದ್ದು ಮಾಡದೆ ಹುಡುಗರನ್ನು ಕರೆತಾ, ಯಾರ ಮುಂದೆಯೂ ಬಾಯಿ ಬಿಡಬೇಡ ಎಂದು ಅಪ್ಪ ಅಣ್ಣನ ಕಿವಿಯಲ್ಲಿ ಹೇಳಿದ್ದು ಅದನ್ನೇ.

ಮೈದುನ ಮುಂದುವರಿಸಿದ. "ಲಾರಿ ಮ್ಯಾಲಿನ ಫೈಟ ಚಾಲೂ ಆಗಿತ್ತು. ಆ ಕತ್ತಲದಾಗ ನಮ್ಮ ರುಮಾಲ ನೋಡಿ ಹುಡಿಕ್ಯಾರ ಇವರು. ನಮ್ಮ ಮುಂದ ಬಂದು, ಪರದಿಗೆ ಬೆನ್ನ ಮಾಡಿ ನಿಂತು, ಕೈ ಮುಗದು, 'ಬೀಗರ, ಏಳ್ರಿ, ಎಲಿ ಹಾಕೇತ್ರಿ' ಅಂದ್ರು. 'ಈ ಫೈಟೊಂದು ಮುಗೀಲಿ, ನೀವೂ ಕುಂತ ನೋಡ್ರಿ' ಅಂದಿವಿ. ಬೀಗರಿಗೆ ಬೈಯಾಕ ಬರತೈತೇನ್ರಿ? 'ಆತ್ರಿ, ಮುಗೀಲಿ' ಅಂದ್ರು. ಹಿಂದಿನ ಮಂದಿ ಕುಂಡ್ರೋ ಅಂತ ಒದರಾಕ ಹತ್ತಿತು. ಕೆಳಗ ನೆಲಕ್ಕ ಕುಂತ್ರು, ನಮ್ಮ ಕಡೆ ಮುಖಾ ಮಾಡಿ. ಮಂದಿಯೆಲ್ಲಾ ಕುರ್ಚಿ ಹತ್ತಿ ಕುಣ್ಯಾಕ ಹತ್ತಿದ್ರ ಇವರು ನಮ್ಮ ಮುಖಾ ನೋಡಕೋಂತ ಕುಂತಾರ! ಫೈಟ ಮುಗಿಯೂತನಕ ಒಮ್ಮೆನೂ ಹೊಳ್ಳಿ ನೋಡಲಿಲ್ರಿ."

ಪಡಸಾಲೆಯ ತುಂಬ ನಗು. ಅಣ್ಣನೂ ನಕ್ಕ, ಚಹಾದ ಕಪ್ಪುಬಸಿಯ ಕಡೆ ನೋಡುತ್ತ. ನಾನು ಹೊಸ ಸೊಸೆ, ನಗಬೇಕಾಗಿತ್ತು. ಒಳಗೆ ಹೋಗಿ ಒಲೆಯ ಮುಂದೆ ನಿಂತು ಅತ್ತೆ. ಹಿಂದಿನ ದಿನ ಅತ್ತದ್ದಕ್ಕಿಂತ ಹೆಚ್ಚು ಅತ್ತೆ. ಒಂದು ಮಾತು ನನಗೆ ಹೇಳಬಾರದಿತ್ತೇ ಅನ್ನಿಸಿತು. ಹೇಳಿದ್ದರೆ ನನ್ನ ಹೊಸ ಮನೆಯವರ ಮಾನ ಮೊದಲ ದಿನವೇ ನನ್ನ ಕಣ್ಣಲ್ಲಿ ಇಳಿಯುತ್ತಿತ್ತು. ಅದಕ್ಕೇ ಅವನು ಹೇಳಿರಲಿಲ್ಲ.

ನಾವು ತಿರುಗಿ ಬೈಲಹೊಂಗಲಕ್ಕೆ ಹೋಗುವ ಹೊತ್ತಿಗೆ ಟಾಕೀಜಿನ ಮುಂದೆ ಬೇರೆ ಪಿಚ್ಚರಿನ ಪೋಸ್ಟರ್ ಅಂಟಿಸಿದ್ದರು. ಲಾರಿ ಒಂದು ವಾರವನ್ನೂ ಪೂರೈಸಿರಲಿಲ್ಲ. ಮೊದಲ ದಿನ ಜನ ಕಿತ್ತುಕೊಂಡು ಬಂದರಂತೆ, ಸಂತೆಯ ದಿನ ಅರ್ಧ ಟಾಕೀಜು ಖಾಲಿಯಂತೆ, ಹೆಂಗಸರು ಆ ಕಡೆ ಸುಳಿಯಲೇ ಇಲ್ಲವಂತೆ. ಮಧ್ಯಂತರದ ನಂತರ ನಾಯಕ ಆಸ್ಪತ್ರೆಯ ಮಂಚದ ಮೇಲೆ ಮಲಗಿಬಿಡುತ್ತಾನಂತೆ. ಕಿತ್ತೂರಿನ ಕಂಡಕ್ಟರ್ ತಾನು ಹೇಳಿದ್ದೇ ಆಯಿತೆಂದು ಬೀಗಲು ಬಂದಿದ್ದ. ಅಣ್ಣನ ಮುಖ ನೋಡಿ, ಬರೀ ಬಿಸಿಲಿನ ಮಾತಾಡಿ ಎದ್ದು ಹೋದ. ಅವನು ಕೆಟ್ಟವನಲ್ಲ.

ಓಡದ ಪಿಚ್ಚರಿನ ಡಬ್ಬಿಗಳು ಬೇಗ ಊರೂರು ತಿರುಗುತ್ತವೆ. ಕಾರ ಹುಣ್ಣಿಮೆಯ ಸುಮಾರಿಗೆ ಅದು ರಾಮದುರ್ಗಕ್ಕೆ ಬಂತು. ನನ್ನ ಗಂಡ, ಮದುವೆಯಾದ ಮೇಲೆ ಹೆಂಡತಿಯನ್ನು ಒಂದು ಪಿಚ್ಚರಿಗಾದರೂ ಕರೆದೊಯ್ಯಬೇಕೆಂದು, ನನ್ನನ್ನು ಕರೆದುಕೊಂಡು ಹೋದರು. ಅದು ಕೆಟ್ಟ ಪಿಚ್ಚರ್. ಪ್ರೀತಿಯಿಂದ ನೋಡಿದರೂ ಕೆಟ್ಟದ್ದೇ. ಲಾರಿಯ ಹೊಡೆದಾಟ ಬಂದಾಗ ಮಾತ್ರ ನಾನು ಕಣ್ಣು ಮಿಟುಕಿಸದೆ ನೋಡಿದೆ. ಯಾರು ಎಲ್ಲಿ ನಿಂತಿದ್ದರು, ಸರಪಳಿ ಯಾವ ಕೈಯಲ್ಲಿತ್ತು ಎಲ್ಲ ಮನಸ್ಸಿನಲ್ಲಿ ಇಟ್ಟುಕೊಂಡೆ.

ಆಷಾಢದಲ್ಲಿ ಹೊಸ ಸೊಸೆ ತವರಲ್ಲಿರಬೇಕು. ಮಣ್ಣೆತ್ತಿನ ಅಮಾವಾಸ್ಯೆಯ ಹಿಂದಿನ ದಿನ ಅಣ್ಣ ನನ್ನನ್ನು ಕರೆಯಲು ಬಂದ. ರಾಮದುರ್ಗದಲ್ಲೂ ಪಿಚ್ಚರ್ ಎತ್ತಿ ಆಗಿತ್ತು. ಬಸ್ಸಿನಲ್ಲಿ ಕಿಟಕಿಯ ಬದಿಗೆ ನನ್ನನ್ನು ಕೂರಿಸಿ ಪಕ್ಕದಲ್ಲಿ ಕೂತ. ಹೊಲಗಳಲ್ಲಿ ಬಿತ್ತನೆ ನಡೆದಿತ್ತು. ಅವನು ಹೆಸರುಕಾಳಿನ ಮಾತು, ಅವ್ವನ ಮೊಣಕಾಲಿನ ಮಾತು ಎಲ್ಲ ಆಡಿದ ಮೇಲೆ ಮೆಲ್ಲಗೆ ಕೇಳಿದ.

"ನೀ ನೋಡಿದಿ ಅಂತಲ್ಲಾ?"

"ಹೂಂ."

"ನಾ ಅಲ್ಲಿ ಕುಂತಾಗ ಒಂದ ದೊಡ್ಡ ಸಪ್ಪಳ ಬಂತು. ಬೆನ್ನಿಗೆ ಬಡದಂಗಾತು. ಟಾಕೀಜಿಗೆ ಟಾಕೀಜ ಎದ್ದು ಒದರಿತು, ನಿನ್ನ ಮೈದುನ ಕುರ್ಚಿ ಮ್ಯಾಲ ಹತ್ತಿ ನಿಂತಾ. ಅದೇನ ಇತ್ತು?"

ಆ ಪ್ರಶ್ನೆಯನ್ನು ಅವನು ಎರಡು ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡಿದ್ದ. ಕಟ್ಟೆಯ ಮೇಲೆ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಕೇಳಿರಲಿಲ್ಲ.

ನಾನು ಹೇಳಿದೆ. ಲಾರಿ ಇಳಿಜಾರಿನಲ್ಲಿ ಓಡುತ್ತಿರುತ್ತದೆ, ಬ್ರೇಕು ಹಿಡಿಯುವುದಿಲ್ಲ, ಮುಂದೆ ಸಂತೆ ಕೂತಿರುತ್ತದೆ. ನಮ್ಮಾಂವ ಮೇಲಿನಿಂದ ಸರಪಳಿಯ ಒಂದು ತುದಿಯನ್ನು ದಾರಿಬದಿಯ ಬೇವಿನ ಮರಕ್ಕೆ ಬೀಸಿ ಎಸೆಯುತ್ತಾನೆ. ಸರಪಳಿ ಬಿಗಿಯುತ್ತದೆ. ಲಾರಿ ನಿಲ್ಲುತ್ತದೆ, ಮರ ಬುಡಸಹಿತ ಕಿತ್ತು ಬೀಳುತ್ತದೆ. ಆ ಸಪ್ಪಳ ಅದು.

"ಬೇವಿನ ಗಿಡಾ?"

"ಹೌದಣ್ಣಾ, ದೊಡ್ಡ ಗಿಡಾ."

ಅವನು ಕಣ್ಣು ಮುಚ್ಚಿಕೊಂಡ. "ಮುಂದ ಹೇಳು," ಎಂದ.

ಮುಂದೆ ಆಸ್ಪತ್ರೆಯ ಮಂಚ. ನನಗೆ ಅದನ್ನು ಹೇಳಲು ಮನಸ್ಸಾಗಲಿಲ್ಲ. ಕಿಟಕಿಯ ಈಚೆ ಕೂತು ಕಟ್ಟೆಯವರ ಬಾಯಲ್ಲಿ ಕೇಳಿದ್ದ ಕತೆಗಳೆಲ್ಲ ನನಗೆ ಬಾಯಿಪಾಠ ಇದ್ದವು. ಅವನ್ನೇ ಒಂದಕ್ಕೊಂದು ಹೊಲಿದೆ. ನಮ್ಮಾಂವನನ್ನು ಮಂಚದಿಂದ ಎಬ್ಬಿಸಿದೆ, ತಾಯಿಯನ್ನು ಹುಡುಕಿಸಿದೆ, ಮತ್ತೆ ಲಾರಿ ಹತ್ತಿಸಿದೆ, ಕೊನೆಗೆ ಊರ ಜನರೆಲ್ಲ ಬಂದು ಅವನ ಕೈ ಹಿಡಿಯುವ ಹಾಗೆ ಮಾಡಿದೆ. ಮುಂದಿನ ಸೀಟಿನಲ್ಲಿದ್ದ ಮುದುಕಿಯೊಬ್ಬಳು ಹಿಂದೆ ತಿರುಗಿ ಕೂತು ಕೇಳುತ್ತಿದ್ದಳು. ಹೂಲಿ ಕಡೆಯ ಗುಡ್ಡಗಳು ಕಾಣುವ ಹೊತ್ತಿಗೆ ತಾಯಿ ಸತ್ತಳು, ಮುದುಕಿ ಕಣ್ಣೊರೆಸಿಕೊಂಡಳು. ಸವದತ್ತಿ ನಿಲ್ದಾಣ ಬಂದಾಗ ನನ್ನ ಪಿಚ್ಚರ್ ಮುಗಿಯಿತು.

ಅಸಲಿ ಕತೆ ಏನೆಂದು ಅವನಿಗೆ ಗೊತ್ತಿಲ್ಲದೆ ಇರಲಿಲ್ಲ. ಇಡೀ ಬೈಲಹೊಂಗಲ ಆ ಆಸ್ಪತ್ರೆಯ ಮಂಚದ ಮಾತಾಡಿ ನಕ್ಕಿತ್ತು. ಅವನು ನನ್ನ ಗಂಟು ಹೆಗಲಿಗೆ ಏರಿಸಿಕೊಂಡು ಇಳಿದ. "ಹುಡುಗರು ಸುಳ್ಳ ಹೇಳ್ಯಾರ ನೋಡು," ಎಂದ, "ಭಾಳ ಚಲೋ ಐತಿ." ನಾನು ಅವನ ಮುಖ ನೋಡಲಿಲ್ಲ, ನೋಡಿದ್ದರೆ ಇಬ್ಬರೂ ನಿಲ್ದಾಣದಲ್ಲೇ ಅತ್ತುಬಿಡುತ್ತಿದ್ದೆವು.

ಆಮೇಲೆ ಕಾಲ ಬದಲಾಯಿತು. ಎರಡು ಸಾವಿರದ ಇಸವಿಯ ಈಚೆಗೆ ಮನೆಮನೆಯಲ್ಲಿ ಟಿವಿ ಬಂತು, ಕಟ್ಟೆಯವರು ಸಂಸಾರಸ್ಥರಾದರು, ಪಂಕ್ತಿಗೆ ನೀಡಲು ಗುತ್ತಿಗೆಯವರು ಬಂದರು. ಒಂದು ದೀಪಾವಳಿಗೆ ನಾನು ತವರಿಗೆ ಹೋಗಿದ್ದೆ. ಮಧ್ಯಾಹ್ನ ಊಟವಾಗಿ ಎಲ್ಲರೂ ಟಿವಿಯ ಮುಂದೆ ಅಡ್ಡಾಗಿದ್ದೆವು. ಅಣ್ಣನ ಮಗ ಚಾನೆಲ್ಲು ತಿರುಗಿಸುತ್ತ ಇದ್ದಕ್ಕಿದ್ದಂತೆ ನಿಲ್ಲಿಸಿದ. ಪರದೆಯ ಮೇಲೆ ಆ ಲಾರಿ, ಆ ಇಳಿಜಾರು.

ಅಣ್ಣ ಎದ್ದು ಕೂತ. ನಾನು ಅವನನ್ನೇ ನೋಡುತ್ತಿದ್ದೆ. ಅವನು ಮಗನ ಕೈಯಿಂದ ರಿಮೋಟು ತೆಗೆದುಕೊಂಡು ಟಿವಿ ಬಂದ್ ಮಾಡಿದ.

"ಯಪ್ಪಾ, ಹಚ್ಚೋ, ಫೈಟ ಐತಿ," ಎಂದು ಮಗ ರಚ್ಚೆ ಹಿಡಿದ.

"ಬ್ಯಾಡ. ನಾ ನೋಡೇನಿ ಅದನ್ನ."

"ಎಲ್ಲಿ ನೋಡಿದಿ?"

ಅಣ್ಣ ನನ್ನ ಕಡೆ ತಿರುಗಲಿಲ್ಲ. ಗೋಡೆಗೆ ಒರಗಿ ಮತ್ತೆ ಕಣ್ಣು ಮುಚ್ಚಿಕೊಂಡ.

"ನಿಮ್ಮತ್ತಿ ತೋರಿಸ್ಯಾಳ."